ಆಟದ ಊರಿಗೊಬ್ಬ ಟೈಮ್ ಕೀಪರ್

ಡಾಕ್ಟರಮ್ಮ ನಮ್ಮ ಮಾವನಿಗೆ ಮಾತ್ರೆ ಬರೆದುಕೊಟ್ಟು, “ಇನ್ನು ಸ್ವಲ್ಪ ದಿನ ಆರಾಮಾಗಿರಿ” ಎಂದಾಗ ಮಾವ ಜೇಬಿನಿಂದ ಪೆನ್ನು ತೆಗೆದು, “ಅದು ದಿನಕ್ಕೆ ಎಷ್ಟು ಸಲ? ಊಟಕ್ಕೆ ಮುಂಚೆನಾ, ಆಮೇಲಾ?” ಎಂದು ಕೇಳಿದರಂತೆ. ಡಾಕ್ಟರಮ್ಮ ತಮಾಷೆ ಎಂದುಕೊಂಡು ನಕ್ಕರು. ಜೊತೆಗೆ ಹೋಗಿದ್ದ ಅತ್ತೆ ನಗಲಿಲ್ಲ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವರಿಗೆ ಯಾವುದು ತಮಾಷೆ, ಯಾವುದು ಅಲ್ಲ ಎಂಬುದು ಗೊತ್ತಿರುತ್ತದೆ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಬಸ್ ಡಿಪೋದಲ್ಲಿ ಟೈಮ್ ಕೀಪರ್. ಗೇಟಿನ ಪಕ್ಕ ಮೂರು ಕಡೆ ಗಾಜು ಹಾಕಿದ ಗೂಡಿನಂಥ ಕೋಣೆಯೇ ಟೈಮ್ ಆಫೀಸು, ಅದರೊಳಗೆ ಒಂದು ಮೇಜು, ಒಂದು ಗೋಡೆ ಗಡಿಯಾರ, ಕೂತು ಕೂತು ನಡುವೆ ತಗ್ಗುಬಿದ್ದ ಒಂದು ಕುರ್ಚಿ. ಹೊರಗೆ ಹೋಗುವ, ಒಳಗೆ ಬರುವ ಪ್ರತಿ ಬಸ್ಸಿನ ಹೊತ್ತನ್ನು ಹಾಳೆಯಲ್ಲಿ ಬರೆಯುವುದು ಅವರ ಕೆಲಸ. ಬಸ್ಸಿಗೆ ಅಲ್ಲಿ ಯಾರೂ ಬಸ್ಸು ಎನ್ನುವುದಿಲ್ಲ, ಗಾಡಿ ಎನ್ನುತ್ತಾರೆ. ಗಾಡಿ ತಡವಾದರೆ ಡ್ರೈವರು ತಾನಾಗಿ ಕಿಟಕಿಗೆ ಬಂದು ಕಾರಣ ಹೇಳಿ ಸಹಿ ಹಾಕಬೇಕು. ಟೈಮ್ ಕೀಪರ್ ಎದ್ದು ಹೋಗಿ ವಿಚಾರಿಸುವಂತಿಲ್ಲ. ಇನ್ನೂ ಒಂದು ಪದ್ಧತಿಯಿದೆ: ಎರಡನೆಯ ಪಾಳಿಯವನು ಕೊನೆಯ ಗಾಡಿ ಗೇಟು ದಾಟಿ ಒಳಗೆ ಬರುವ ತನಕ ಕುರ್ಚಿ ಬಿಡುವ ಹಾಗಿಲ್ಲ. ಮಾವ ಇಪ್ಪತ್ತಾರು ವರ್ಷದಿಂದ ಎರಡನೆಯ ಪಾಳಿಯನ್ನೇ ಕೇಳಿ ಹಾಕಿಸಿಕೊಂಡವರು. ಡ್ರೈವರುಗಳು ಬೆನ್ನ ಹಿಂದೆ ಅವರನ್ನು ‘ಮುಳ್ಳು’ ಎನ್ನುತ್ತಾರೆ. ಇದೇಕೆ ಎಂದು ಒಬ್ಬನನ್ನು ಕೇಳಿದ್ದೆ. “ಗಂಟೆ ಮುಳ್ಳಾಗಿದ್ರೆ ಹೇಗೋ ಸಹಿಸ್ಕೋತಿದ್ವಿ ಸಾರ್. ಇವರು ನಿಮಿಷದ ಮುಳ್ಳು” ಎಂದ.

ಈ ವರ್ಷದ ವೈದ್ಯಕೀಯ ತಪಾಸಣೆಯಲ್ಲಿ ಮಾವನ ಬಿ.ಪಿ. ನೂರ ಅರವತ್ತೆಂಟು ತೋರಿಸಿತು. ಮೇಲಿನ ಅಂಕಿ ನೂರ ನಲವತ್ತು ದಾಟಿದವರನ್ನು ಟೈಮ್ ಆಫೀಸಿನಲ್ಲಿ ಕೂರಿಸಬಾರದೆಂದು ಡಿಪೋದ ನಿಯಮ. ಆರು ವಾರ ರಜೆ ಕೊಟ್ಟರು. ಮೂರನೆಯ ವಾರ ಒಮ್ಮೆ, ಆರನೆಯ ವಾರ ಒಮ್ಮೆ ಪರೀಕ್ಷೆ. ಅಷ್ಟರೊಳಗೆ ಇಳಿಯದಿದ್ದರೆ ನಿವೃತ್ತಿಗೆ ಉಳಿದ ನಾಲ್ಕು ವರ್ಷವನ್ನು ಟೈರ್ ಗೋದಾಮಿನಲ್ಲಿ ಕಳೆಯಬೇಕು. ಗೋದಾಮಿಗೆ ಕಿಟಕಿಯಿಲ್ಲ.

“ಅಲ್ಲಿ ಕೂತ್ರೆ ಹೊರಗೆ ಬೆಳಗೋ ಸಂಜೆಯೋ ಗೊತ್ತಾಗಲ್ಲ” ಎಂದು ಮಾವ ಊಟದ ತಟ್ಟೆಯನ್ನು ನೋಡುತ್ತ ಹೇಳಿದರು. “ಟೈರು ಲೇಟಾಗೂ ಬರಲ್ಲ, ಬೇಗನೂ ಬರಲ್ಲ. ಸುಮ್ನೆ ಇರುತ್ತೆ.”

ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ, ಹೆಚ್ಚೇನಿಲ್ಲ. ಅವರ ಮನೆಯ ಮುಂದಿನ ಕೋಣೆಯಲ್ಲಿ ಮೂರು ವರ್ಷದಿಂದ ಠಿಕಾಣಿ ಹೂಡಿರುವ ಸೋದರಳಿಯ ನಾನು. ಫ್ರಿಜ್ಜು, ವಾಷಿಂಗ್ ಮೆಷಿನ್ನು ರಿಪೇರಿ ಮಾಡಿಸುವ ಕಂಪನಿಯಲ್ಲಿ ಫೋನೆತ್ತುವ ಕೆಲಸ. ದಿನಕ್ಕೆ ತೊಂಬತ್ತು ಜನರಿಗೆ ‘ಇಪ್ಪತ್ತನಾಲ್ಕು ಗಂಟೆಯೊಳಗೆ ನಮ್ಮ ಮೆಕ್ಯಾನಿಕ್ ಬರುತ್ತಾರೆ’ ಎಂದು ಹೇಳುತ್ತೇನೆ. ಬರುವುದಿಲ್ಲ. ಸಮಯಕ್ಕೆ ಪ್ರಾಣ ಬಿಡುವ ಮಾವನೂ ಸಮಯದ ಬಗ್ಗೆ ಸುಳ್ಳು ಹೇಳಿ ಸಂಬಳ ಎಣಿಸುವ ಅಳಿಯನೂ ಒಂದೇ ಬಚ್ಚಲುಮನೆ ಬಳಸಿಕೊಂಡು ಮೂರು ವರ್ಷ ಜಗಳವಿಲ್ಲದೆ ಬಾಳಿದ್ದರೆ ಅದರ ಪುಣ್ಯವೆಲ್ಲ ಅತ್ತೆಗೇ ಸೇರಬೇಕು.

ರಜೆಯ ಮೊದಲ ವಾರ ಮಾವ ಮನೆಯನ್ನೇ ಡಿಪೋ ಮಾಡಿಕೊಂಡರು. ಹಾಲಿನವನು ನಾಲ್ಕು ನಿಮಿಷ ತಡ. ಕುಕ್ಕರಿನ ಎರಡನೆಯ ವಿಷಲ್ಲು ನಿನ್ನೆಗಿಂತ ಬೇಗ. ಲಿಫ್ಟು ಮೂರನೆಯ ಮಹಡಿಗೆ ಬರಲು ಒಮ್ಮೆ ಹತ್ತೊಂಬತ್ತು ಸೆಕೆಂಡು, ಇನ್ನೊಮ್ಮೆ ಇಪ್ಪತ್ತಾರು, ಯಾಕೆ? ಎಂಟನೆಯ ದಿನ ಬೆಳಿಗ್ಗೆ ಅತ್ತೆ ಸೌಟು ಹಿಡಿದುಕೊಂಡೇ ನನ್ನ ಕೋಣೆಗೆ ಬಂದರು.

“ನೋಡು, ನಾನು ಸ್ನಾನಕ್ಕೆ ಹೋಗಿ ಬಂದ್ರೆ ‘ಹದಿನಾಲ್ಕು ನಿಮಿಷ ಆಯ್ತು’ ಅಂತಾರೆ. ಇವರನ್ನ ಎಲ್ಲಿಗಾದ್ರೂ ಕಳಿಸು. ಇಲ್ಲಾಂದ್ರೆ ನನ್ನ ಬಿ.ಪಿ. ನೋಡಿಸು.”

ಕಳಿಸಲು ನನ್ನ ಹತ್ತಿರ ಒಂದೇ ಒಂದು ಜಾಗವಿತ್ತು. ಅದು ಟೀವಿಗೆ ಸಿಕ್ಕಿಸಿ ಆಡುವ ಒಂದು ವಿಡಿಯೋ ಗೇಮು.

ಗೇಮು ಎಂದೊಡನೆ ಬಂದೂಕು, ಕಾರು, ಕಟ್ಟಡದ ಮೇಲಿಂದ ಜಿಗಿತ ಎಂದುಕೊಳ್ಳಬೇಡಿ. ಈ ಆಟದಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ. ನಿಮಗೊಂದು ಸಣ್ಣ ಮನೆ, ಮುಂದೆ ಅಂಗೈಯಗಲ ಹೊಲ, ಒಂದು ಸನಿಕೆ, ಒಂದು ನೀರಿನ ಡಬ್ಬಿ ಕೊಡುತ್ತಾರೆ. ಪಕ್ಕದಲ್ಲಿ ಹನ್ನೆರಡು ಜನರ ಒಂದು ಊರು, ಊರಿಗೊಂದು ಕೆರೆ. ಬೀಜ ಹಾಕಿದರೆ ತರಕಾರಿ ಬರುತ್ತದೆ, ಗಾಳ ಹಾಕಿದರೆ ಮೀನು ಬರುತ್ತದೆ, ಸುಮ್ಮನೆ ನಿಂತರೆ ಯಾರಾದರೂ ಬಂದು ‘ಚೆನ್ನಾಗಿದ್ದೀರಾ’ ಎನ್ನುತ್ತಾರೆ. ಬೆಳಿಗ್ಗೆ ಆರಕ್ಕೆ ಎದ್ದು ಬೇಕಾದಾಗ ಹಾಸಿಗೆಯ ಹತ್ತಿರ ಹೋಗಿ ಮಲಗಿದರೆ ಒಂದು ದಿನ ಮುಗಿಯಿತು. ಆಟದ ಒಂದು ದಿನಕ್ಕೆ ನಮ್ಮ ಹದಿನೈದು ನಿಮಿಷ. ಗುರಿಯಿಲ್ಲ, ಗಡುವಿಲ್ಲ. ಇದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು, ನಮ್ಮ ಮನೆಯಲ್ಲಿ ಅದು ಬರೀ ‘ಊರು’ ಆಯಿತು. ಫೋನು ಬಂದರೆ ಅತ್ತೆ, “ಅವರು ಊರಲ್ಲಿದಾರೆ, ಆಮೇಲೆ ಮಾಡಿ” ಎನ್ನತೊಡಗಿದಾಗ ನೆಂಟರು ಯಾವ ಊರು ಎಂದು ತಲೆ ಕೆಡಿಸಿಕೊಂಡರು.

ನಾನು ಈ ಊರಿನಲ್ಲಿ ನಾನೂರು ಗಂಟೆ ಕಳೆದ ಹಳಬ. ಅಲ್ಲಿ ನನ್ನ ಕುಂಬಳಕಾಯಿ ತೋಟಕ್ಕೆ ಬಹುಮಾನ ಬಂದಿದೆ. ಆಫೀಸಿನ ನನ್ನ ಮೇಜಿನ ಮೇಲಿನ ನಿಜವಾದ ಗಿಡ ಹೋದ ವರ್ಷವೇ ಒಣಗಿ ಸತ್ತಿದೆ, ಕುಂಡ ಮಾತ್ರ ಇದೆ. ಅಂಥ ಪಂಡಿತ ಮಾವನಿಗೆ ಪಾಠ ಹೇಳಲು ಕೂತೆ. ಬಟನ್ನುಗಳಿರುವ ಕಂಟ್ರೋಲರನ್ನು ಅವರು ‘ರಿಮೋಟು’ ಎಂದರು. ತಿದ್ದಲಿಲ್ಲ.

“ಮೊದಲು ಏನ್ ಮಾಡ್ಬೇಕು?”

“ಏನು ಬೇಕಾದ್ರೂ ಮಾಡ್ಬಹುದು ಮಾವ.”

“ಅದು ಉತ್ತರ ಅಲ್ಲ. ನಿಮ್ಮ ಕಂಪನಿಗೆ ಫೋನ್ ಮಾಡಿದ ಹಾಗಿದೆ.”

“ಮೂಲಂಗಿ ಬೀಜ ಕೊಟ್ಟಿದಾರೆ ನೋಡಿ. ನೆಲ ಅಗೆದು ಹಾಕಿ, ನೀರು ಬಿಡಿ. ನಾಲ್ಕು ದಿನಕ್ಕೆ ಬರುತ್ತೆ.”

“ಇದರಲ್ಲಿ ಯಾರು ಗೆಲ್ತಾರೆ?”

“ಯಾರೂ ಗೆಲ್ಲಲ್ಲ.”

“ಹಂಗಾದ್ರೆ ಸೋಲೋರು?”

“ಅವರೂ ಇಲ್ಲ.”

ಮಾವ ಅಡುಗೆಮನೆಯ ಕಡೆ ಕತ್ತು ತಿರುಗಿಸಿ, “ಇದಕ್ಕೆ ಇವನು ದುಡ್ಡು ಕೊಟ್ಟಿದಾನೆ ಕಣೇ” ಎಂದರು.

“ನೀವು ಸುಮ್ನೆ ನೀರು ಹಾಕ್ರಿ” ಎಂದಿತು ಅಡುಗೆಮನೆ.

ಮಾವ ಎಡಕ್ಕೆ ಹೋಗೆಂದರೆ ಬಲಕ್ಕೆ ಹೋದರು. ಕೆರೆಗೆ ಸನಿಕೆ ಹಾಕಿದರು. ಪಕ್ಕದ ಮನೆಯ ಬ್ರೆಡ್ಡಿನಂಗಡಿಯವಳ ಮೇಲೆ ನೀರು ಹೊಯ್ದು, ಟೀವಿಯ ಮುಂದೆ ಬಗ್ಗಿ “ಕ್ಷಮಿಸಿ” ಎಂದರು. ಆಮೇಲೆ ಅವರ ಕಣ್ಣು ಪರದೆಯ ಮೇಲ್ಗಡೆ ಮೂಲೆಗೆ ಹೋಯಿತು. ಅಲ್ಲಿ ಒಂದು ಪುಟ್ಟ ಗಡಿಯಾರವಿತ್ತು. ಮಾವನ ಬೆನ್ನು ನೆಟ್ಟಗಾಯಿತು.

“ಇದು ಸರಿಯಾಗಿ ನಡೆಯುತ್ತಾ?”

“ನಡೆಯುತ್ತೆ ಮಾವ. ಆದ್ರೆ ಅದನ್ನ ನೋಡೋದು ಬೇಡ. ಈ ಆಟ ಇರೋದೇ…”

ಅವರು ಆಗಲೇ ಮೇಜಿನ ಡ್ರಾಯರಿನಿಂದ ಒಂದು ಹಾಳೆ ತೆಗೆದು ಗೀಟು ಎಳೆಯುತ್ತಿದ್ದರು.

ಒಂದು ವಾರದಲ್ಲಿ ಊರಿನ ಹನ್ನೆರಡೂ ಜನರ ವೇಳಾಪಟ್ಟಿ ಸಿದ್ಧವಾಯಿತು. ಬ್ರೆಡ್ಡಿನವಳು ಆರೂವರೆಗೆ ಬಾಗಿಲು ತೆಗೆಯುತ್ತಾಳೆ, ಟಪಾಲಿನವನು ಒಂಬತ್ತಕ್ಕೆ ಬಾವಿ ದಾಟುತ್ತಾನೆ, ಮೇಷ್ಟರು ಐದೂ ಇಪ್ಪತ್ತಕ್ಕೆ ಕೆರೆ ದಂಡೆಗೆ ಬಂದು ಆಕಳಿಸುತ್ತಾರೆ. ಮೂಲಂಗಿ ಒಣಗುತ್ತಿದೆ ಎಂದು ನಾನು ಎಚ್ಚರಿಸಿದರೆ “ಅದು ನನ್ನ ಇಲಾಖೆ ಅಲ್ಲ” ಎಂದರು. ಆದರೆ ಮುಖದಲ್ಲಿ ಕಳೆ ಬಂದಿತ್ತು.

“ಈ ಬಡಗಿ ನೋಡು. ಎಂಟೂ ಹತ್ತಕ್ಕೆ ಮನೆ ಬಿಟ್ರೆ ಎಂಟೂ ಹತ್ತೇ. ಸೇತುವೆ ಹತ್ರ ಎಂಟೂ ಇಪ್ಪತ್ತು. ಇಂಥ ಹತ್ತು ಡ್ರೈವರ್ ಕೊಡು ನನಗೆ, ಡಿಪೋನ ಎಲ್ಲಿಗೆ ತಗೊಂಡು ಹೋಗ್ತೀನಿ ನೋಡು.”

ಬಡಗಿಯನ್ನು ಬಡಗಿಯ ಹಾಗೆ ಬರೆದವರು ಯಾರೋ ಕಂಪ್ಯೂಟರಿನ ಮುಂದೆ ಕೂತ ಜನ, ಅವನು ಬೇಕೆಂದರೂ ತಡ ಮಾಡಲಾರ ಎಂದು ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮಾವ ಖುಷಿಯಾಗಿದ್ದಾರೆ, ನನ್ನ ಕೆಲಸ ಮುಗಿಯಿತು ಎಂದುಕೊಂಡು ನನ್ನ ದಾರಿ ನಾನು ಹಿಡಿದೆ. ಆ ದಾರಿ ಆಫೀಸು ಬಿಟ್ಟ ಮೇಲೆ ನನ್ನ ಪಕ್ಕದ ಕುರ್ಚಿಯ ಸಹೋದ್ಯೋಗಿಯ ಕೋಣೆಗೆ ಹೋಗುತ್ತಿತ್ತು. ಅವನ ಹತ್ತಿರವೂ ಅದೇ ಆಟ ಇತ್ತು. ನನ್ನದನ್ನು ಮಾವನಿಗೆ ಕೊಟ್ಟ ತ್ಯಾಗಿ ನಾನು ಅಲ್ಲಿ ಕೂತು ಕುಂಬಳಕಾಯಿ ಬೆಳೆಯುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಮಾವನ ಪಕ್ಕ ಕೂತು ನೋಡುವಾಗ ವಿಚಿತ್ರವೊಂದು ಕಂಡಿತು. ಆಟದ ಗಡಿಯಾರದಲ್ಲಿ ರಾತ್ರಿ ಹನ್ನೆರಡಾಗಿತ್ತು. ಊರಿನವರೆಲ್ಲ ಮನೆ ಸೇರಿ ದೀಪ ಆರಿಸಿದ್ದರು. ಮಾವನ ಬೊಂಬೆ ಮಾತ್ರ ಕೆರೆಯ ಕಟ್ಟೆಯ ಮೇಲೆ ನಿಂತಿತ್ತು. ಒಂದಾಯಿತು, ಒಂದೂವರೆಯಾಯಿತು. ಎರಡಾಗುತ್ತಲೇ ಬೊಂಬೆ ಓಲಾಡಿ ದಪ್ಪನೆ ಬಿತ್ತು. ಎರಡರ ತನಕ ಮಲಗದಿದ್ದರೆ ಮೂರ್ಛೆ ಹೋಗುವುದು ಆ ಆಟದ ನಿಯಮ. ಬೆಳಿಗ್ಗೆ ಎದ್ದಾಗ ಅರ್ಧ ಶಕ್ತಿ ಇರುವುದಿಲ್ಲ, ಚೀಲದಲ್ಲಿದ್ದ ತರಕಾರಿಯೂ ಇರುವುದಿಲ್ಲ.

“ಮಾವ, ಇದು ಎಷ್ಟು ಸಲ ಆಗಿದೆ?”

“ದಿನಾ ಆಗುತ್ತೆ. ಇದರಲ್ಲಿ ಹೀಗೇ ಅಲ್ವಾ?”

ನಾನು ನಾನೂರು ಗಂಟೆಯಲ್ಲಿ ಎರಡೇ ಸಲ ಮೂರ್ಛೆ ಹೋಗಿದ್ದೆ, ಅದೂ ಕೈತಪ್ಪಿ. ಇವರು ದಿನವೂ ಬೀಳುತ್ತಿದ್ದರು. ಹಾಸಿಗೆ ಎಲ್ಲಿದೆಯೆಂದು ತೋರಿಸಿದ್ದೆನಲ್ಲ ಎಂದೆ. ಹಾಸಿಗೆ ಗೊತ್ತು ಎಂದರು.

“ಮತ್ತೆ ಯಾಕೆ ಮಲಗಲ್ಲ?”

“ಅವಳು ಒಳಗೆ ಬಂದಿಲ್ಲವಲ್ಲ.” ಪರದೆಯ ಅಂಚಿಗೆ ಬೆರಳು ಮಾಡಿದರು. ಕೆರೆಯ ದಂಡೆಯಲ್ಲಿ ಊರಿನ ದೋಣಿ ನಡೆಸುವವಳು ಕಂದೀಲು ಹಿಡಿದು ನಿಂತಿದ್ದಳು. “ಹನ್ನೊಂದು ಜನ ಬಂದ್ರು. ಇವಳೊಬ್ಬಳು ಬಾಕಿ. ಕೊನೇ ಗಾಡಿ ಬರೋ ಮುಂಚೆ ಎದ್ದು ಹೋಗಿ ಮಲಗು ಅಂತೀಯಾ?”

ನಾನು ನಕ್ಕುಬಿಟ್ಟೆ. ನಗಬಾರದಿತ್ತು, ಆದರೆ ಅಷ್ಟು ವಿವೇಕವಿದ್ದಿದ್ದರೆ ಫೋನೆತ್ತುವ ಕೆಲಸದಲ್ಲಿ ಯಾಕಿರುತ್ತಿದ್ದೆ. “ಮಾವ, ಅವಳಿಗೆ ಮನೆನೇ ಇಲ್ಲ. ಆಟ ಮಾಡಿದೋರು ಅವಳಿಗೆ ಮನೆ ಕೊಟ್ಟಿಲ್ಲ. ಹಗಲೂ ರಾತ್ರಿ ಅಲ್ಲೇ ನಿಂತಿರ್ತಾಳೆ. ಎಷ್ಟು ಕಾದ್ರೂ ಬರಲ್ಲ.”

“ಅಂಥೋಳನ್ನ ಬಿಟ್ಟು ಮಲಗೋದು ಇನ್ನೂ ಕಷ್ಟ” ಎಂದರು ಮಾವ.

ಮರುದಿನವೂ ಬಿದ್ದರು. ಅದರ ಮರುದಿನವೂ.

ಮೂರನೆಯ ವಾರದ ಪರೀಕ್ಷೆಗೆ ನಾನೇ ಕರೆದುಕೊಂಡು ಹೋದೆ, ಒಳ್ಳೆಯ ಸುದ್ದಿ ಬಂದಾಗ ಅದರ ಕೀರ್ತಿ ಪಡೆಯಲು ಪಕ್ಕದಲ್ಲಿರಬೇಕಲ್ಲ. ನರ್ಸು ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹಾಕಿದರು. ನೂರ ಎಪ್ಪತ್ತೆರಡು. ಇನ್ನೊಮ್ಮೆ ಹಾಕಿದರು. ನೂರ ಎಪ್ಪತ್ತೆರಡೇ.

“ಏರಿದೆಯಲ್ಲ” ಎಂದರು ಡಾಕ್ಟರಮ್ಮ. “ಮಾತ್ರೆ ತಗೊಳ್ತಿದೀರಾ? ನಾನು ಹೇಳಿದ ಹಾಗೆ ಒಂಬತ್ತಕ್ಕೆ ಮಲಗ್ತಿದೀರಾ?”

“ಮಾತ್ರೆ ಎಂಟೂವರೆಗೆ, ಒಂದು ನಿಮಿಷ ಆಚೀಚೆ ಇಲ್ಲ” ಎಂದರು ಮಾವ. ಎರಡನೆಯ ಪ್ರಶ್ನೆಗೆ ಉತ್ತರ ಹೇಳಲಿಲ್ಲ. ನಾನು ಗಮನಿಸಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆಯ ಹತ್ತಿರ ಉಪ್ಪಿನ ಮೇಲೆ ತಪ್ಪು ಹೊರಿಸಲು ನೋಡಿದೆ. ಅಡುಗೆಯಲ್ಲಿ ಉಪ್ಪು ಜಾಸ್ತಿಯಾಗುತ್ತಿದೆಯೇನೋ ಎಂದೆ. ಮಾವ ಬಟ್ಟೆ ಬದಲಿಸಲು ಒಳಗೆ ಹೋಗಿದ್ದರು. ಅತ್ತೆ ಟೀವಿಯ ಕೆಳಗಿನಿಂದ ಮಾವನ ವೇಳಾಪಟ್ಟಿಯ ಹಾಳೆ ತೆಗೆದು ಹಿಂದುಮುಂದು ಮಾಡಿ ನನ್ನ ಕೈಗಿಟ್ಟರು. ಮುಂದೆ ಆಟದ ಊರು. ಹಿಂದೆ ನಮ್ಮ ಮನೆ. ಒಂದೇ ಸಾಲು, ದಿನ ದಿನಕ್ಕೂ ಒಂದು ಹೊತ್ತು. ಬರಬೇಕಾದದ್ದು: ಆರೂ ನಲವತ್ತು. ಬಂದದ್ದು: ಹತ್ತೂ ಐದು. ಹತ್ತೂ ಇಪ್ಪತ್ತು. ಒಂಬತ್ತೂ ಐವತ್ತು. ಹತ್ತೂ ಮೂವತ್ತೈದು. ‘ಕಾರಣ’ ಎಂಬ ಅಂಕಣ ಉದ್ದಕ್ಕೂ ಖಾಲಿ.

“ಇದು ನಾನಾ?”

“ಮತ್ತೆ ಯಾರು, ಆ ಬಡಗಿನಾ?” ಅತ್ತೆ ದನಿ ತಗ್ಗಿಸಿದರು. “ಮಾತ್ರೆ ನುಂಗಿ ತೂಕಡಿಸ್ತಾ ಕುರ್ಚಿಯಲ್ಲಿ ಕೂತಿರ್ತಾರೆ. ಬಸ್ಸಿನ ಸದ್ದಾದ್ರೆ ಕಣ್ಣು ಬಿಡ್ತಾರೆ, ಲಿಫ್ಟಿನ ಸದ್ದಾದ್ರೆ ಕಣ್ಣು ಬಿಡ್ತಾರೆ. ನೀನು ಬೀಗ ತಿರುಗಿಸಿದ ತಕ್ಷಣ ಎದ್ದು ಹೋಗಿ ಮಲಗಿರೋ ಹಾಗೆ ಮಾಡ್ತಾರೆ. ಬೆಳಿಗ್ಗೆ ಐದಕ್ಕೆ ಮತ್ತೆ ಎದ್ದು ಕೂರ್ತಾರೆ.”

“ಒಂದು ಫೋನ್ ಮಾಡಬಹುದಿತ್ತಲ್ಲ ಅತ್ತೆ. ಒಂದು ಮಾತು ಹೇಳಬಹುದಿತ್ತು.”

“ನಾನು ಹೇಳ್ತೀನಿ ಅಂದೆ. ಬೇಡ ಅಂದ್ರು. ತಡ ಆದೋನು ತಾನಾಗಿ ಬಂದು ಹೇಳಬೇಕಂತೆ, ಇವರು ಎದ್ದು ಹೋಗಿ ಕೇಳೋ ಹಾಗಿಲ್ಲವಂತೆ. ನೀವಿಬ್ಬರೂ ಸೇರಿ ನನ್ನ ಜೀವ ತಿನ್ನಿ.”

ಎರಡು ವಾರದ ಹಿಂದಿನವರೆಗೆ ನಾನು ಆಫೀಸಿನಿಂದ ನೇರ ಆರೂ ನಲವತ್ತಕ್ಕೆ ಮನೆಗೆ ಬಂದು ಈ ಟೀವಿಯಲ್ಲೇ ಆಡುತ್ತಿದ್ದೆ. ಮಾವನನ್ನು ಆರಾಮಾಗಿಡಲು ಆಟ ಕೊಟ್ಟೆ, ಆಟ ಕೊಟ್ಟದ್ದರಿಂದ ಬೇರೆಯವರ ಕೋಣೆಗೆ ಹೋದೆ, ಹೋದದ್ದರಿಂದ ಮಾವನ ನಿದ್ದೆ ಕೆಟ್ಟಿತು. ಇಷ್ಟು ಚೊಕ್ಕಟವಾಗಿ ಒಬ್ಬ ಮನುಷ್ಯನ ಬಿ.ಪಿ. ಏರಿಸುವುದು ಬೇಕೆಂದು ಕೂತು ಯೋಚಿಸಿದರೂ ಆಗುವ ಕೆಲಸವಲ್ಲ.

ಮಾವ ಲುಂಗಿ ಉಟ್ಟು ಬಂದು ಕುರ್ಚಿಯಲ್ಲಿ ಕೂತರು. ನಾನು ಹಾಳೆ ಹಿಡಿದುಕೊಂಡು ಅವರ ಮುಂದೆ ಹೋಗಿ ನಿಂತೆ.

“ಕಾರಣ ಹೇಳೋಕೆ ಬಂದಿದೀನಿ ಮಾವ.”

ಅವರು ಹಾಳೆ ನೋಡಿದರು, ಅತ್ತೆಯನ್ನು ನೋಡಿದರು, ಪೆನ್ನು ತೆಗೆದರು. “ಹೇಳು.”

“ಗೆಳೆಯನ ರೂಮಲ್ಲಿ ಆಟ ಆಡ್ತಿದ್ದೆ.”

“ಯಾವ ಆಟ?”

“ಇದೇ ಆಟ.”

ಪೆನ್ನು ನಿಂತಿತು. “ನಿಂದನ್ನ ನನಗೆ ಕೊಟ್ಟು ನೀನು ಇನ್ನೊಬ್ಬರ ಬಾಗಿಲಿಗೆ ಹೋಗ್ತಿದ್ಯಾ?”

“ಹೌದು.”

ಬೈಗುಳಕ್ಕೆ ಕಾದೆ. ಮಾವ ‘ಕಾರಣ’ದ ಅಂಕಣದಲ್ಲಿ ಮೇಲಿನಿಂದ ಕೆಳಗಿನ ತನಕ ಒಂದೇ ಆವರಣ ಎಳೆದು, ಅದರೊಳಗೆ ‘ಗಾಡಿ ಬೇರೆಯವರಿಗೆ ಕೊಟ್ಟಿದ್ದರಿಂದ’ ಎಂದು ಬರೆದು ನನ್ನಿಂದ ಸಹಿ ಹಾಕಿಸಿಕೊಂಡರು.

ಮಾರನೆಯ ದಿನದಿಂದ ನಾನು ಆರೂ ನಲವತ್ತಕ್ಕೆ ಬಂದೆ. ಒಮ್ಮೆ ಆರೂ ಮೂವತ್ತೆಂಟಕ್ಕೆ ಬಂದಾಗ “ಬೇಗ ಬರೋದೂ ತಪ್ಪೇ” ಎಂದರು. ಊಟದವರೆಗೆ ಇಬ್ಬರೂ ಜೊತೆಗೆ ಊರಿಗೆ ಹೋಗತೊಡಗಿದೆವು. ಈಗ ಪಾಠ ಮೊದಲಿನಿಂದ ಶುರುವಾಯಿತು, ಅದೂ ಒಂದೇ ಪಾಠ: ಮಲಗುವುದು.

ಮೊದಲ ಸಂಜೆ ಮಾವನ ಬೊಂಬೆ ಆಟದ ಹನ್ನೊಂದು ಗಂಟೆಗೆ ಹಾಸಿಗೆಯ ಪಕ್ಕ ನಿಂತಿತು. ‘ಮಲಗುತ್ತೀರಾ?’ ಎಂದು ಪರದೆ ಕೇಳಿತು. ಮಾವ ಹೆಬ್ಬೆರಳನ್ನು ಬಟನ್ನಿನ ಮೇಲಿಟ್ಟು ಮತ್ತೆ ತೆಗೆದರು.

“ಅವಳು ಹೊರಗಿದಾಳೆ.”

“ಇರ್ಲಿ ಮಾವ.”

“ಏನಾದ್ರೂ ಆದ್ರೆ?”

“ಏನಾಗುತ್ತೆ? ಅವಳ ಕೆಲಸ ಅವಳಿಗೆ ಗೊತ್ತು.”

“ನಿನ್ನ ಮೆಕ್ಯಾನಿಕ್ಕುಗಳ ವಿಷಯದಲ್ಲೂ ಹೀಗೇ ಹೇಳ್ತೀಯಲ್ಲ.”

ಕೊನೆಗೆ ಮಾವ ಕಣ್ಣು ಮುಚ್ಚಿ ಬಟನ್ ಒತ್ತಿದರು. ಪರದೆ ಕಪ್ಪಾಗಿ ಮತ್ತೆ ಬೆಳಗಾಯಿತು. ಮಾವ ಮೂಲಂಗಿಯ ಕಡೆ ತಿರುಗಿಯೂ ನೋಡದೆ ನೇರ ಕೆರೆಗೆ ಓಡಿದರು. ದೋಣಿಯವಳು ಇದ್ದಳು, ದೋಣಿಯೂ ಇತ್ತು. “ಇವತ್ತು ಗಾಳಿ ಚೆನ್ನಾಗಿದೆ” ಎಂದಳು. ಅವಳು ದಿನವೂ ಅದನ್ನೇ ಹೇಳುತ್ತಾಳೆ. ಮಾವ ಗಡಿಯಾರ ನೋಡಿ ಹಾಳೆಯಲ್ಲಿ ಬರೆದುಕೊಂಡರು: ‘ಬೆಳಿಗ್ಗೆ ಆರೂ ಹದಿನೈದು. ಕ್ಷೇಮ.’

ಹೀಗೆ ಮೂರು ವಾರ. ಹನ್ನೊಂದಕ್ಕೆ ಮಲಗುತ್ತಿದ್ದ ಬೊಂಬೆ ಹತ್ತಕ್ಕೆ ಮಲಗಿತು, ಆಮೇಲೆ ಒಂಬತ್ತಕ್ಕೆ. ನಡುನಡುವೆ ಕಟ್ಟೆಯ ಮೇಲೆ ಹೋಗಿ ನಿಂತು ಎರಡು ಸಲ ಮೂರ್ಛೆಯೂ ಹೋಯಿತು. ಅದಕ್ಕೆ ನಾನು ಕಾರಣ ಕೇಳಲಿಲ್ಲ. ಮಾವನೇ ನನ್ನ ಹತ್ತಿರ ಬಂದು ಹೇಳಿದರು: “ಮಳೆ ಇತ್ತು. ಬಿಟ್ಟು ಬರೋಕೆ ಮನಸ್ಸಾಗಲಿಲ್ಲ.” ಮೂಲಂಗಿಗೆ ನೀರು ಬೀಳತೊಡಗಿತು. ಮೊದಲ ಮೂಲಂಗಿ ಕಿತ್ತ ದಿನ ಅತ್ತೆಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಂದು ತೋರಿಸಿದರು. ಅತ್ತೆ ಕೈ ಒರೆಸಿಕೊಳ್ಳುತ್ತ ನೋಡಿ, “ಎಲೆ ಚೆನ್ನಾಗಿದೆ” ಎಂದರು. ನಿಜವಾದ ಮನೆಯಲ್ಲಿ ಒಂಬತ್ತು ಗಂಟೆಗೆ ಮಾವನ ಕೋಣೆಯಿಂದ ಗೊರಕೆ ಕೇಳತೊಡಗಿತ್ತು.

ಆರನೆಯ ವಾರದ ಪರೀಕ್ಷೆಗೆ ಮೂವರೂ ಹೋದೆವು. ನೂರ ನಲವತ್ತನಾಲ್ಕು. ನರ್ಸು ಹತ್ತು ನಿಮಿಷ ಕೂರಲು ಹೇಳಿದರು. ಗೋಡೆ ಗಡಿಯಾರ ಎದುರಿಗೇ ಇತ್ತು. ಅತ್ತೆ ಎದ್ದು ಹೋಗಿ ಅದಕ್ಕೆ ಅಡ್ಡವಾಗಿ ನಿಂತರು. ಎರಡನೆಯ ಸಲ ನೂರ ಮೂವತ್ತೊಂಬತ್ತು.

ಡಾಕ್ಟರಮ್ಮ ಬರೆದುಕೊಟ್ಟರು. ಟೈಮ್ ಆಫೀಸಿಗೆ ವಾಪಸು ಹೋಗಬಹುದು, ಆದರೆ ಮೊದಲ ಪಾಳಿ ಮಾತ್ರ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡು. ಅದರಾಚೆಗೆ ಒಂದು ನಿಮಿಷ ಕೂತದ್ದು ಗೊತ್ತಾದರೂ ಗೋದಾಮು.

“ಎರಡಕ್ಕೆ ಗಾಡಿಗಳೆಲ್ಲ ಹೊರಗಿರುತ್ವೆ ಮೇಡಂ” ಎಂದರು ಮಾವ.

“ಇರ್ಲಿ.”

“ನಲವತ್ತೊಂದು ಗಾಡಿ.”

“ಇರ್ಲಿ ಅಂದೆನಲ್ಲ.”

ಮಾವ ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಕುರ್ಚಿ ಉಳಿದಿತ್ತು. ಆದರೆ ಎರಡು ಗಂಟೆಗೆ ಅದರಿಂದ ಏಳಲು ಅವರಿಂದ ಸಾಧ್ಯವೇ ಎಂಬುದು ಮೂವರಿಗೂ ಗೊತ್ತಿರಲಿಲ್ಲ. ಬೊಂಬೆಯನ್ನು ಮಲಗಿಸುವುದು ಬೇರೆ. ಹೊರಗಿದ್ದವರು ನಲವತ್ತೊಂದು ಜನ ನಿಜವಾದ ಡ್ರೈವರುಗಳು.

ಮೊದಲ ದಿನ ಅತ್ತೆ ನನಗೆ ಅರ್ಧ ದಿನ ರಜೆ ಹಾಕಿಸಿದರು. “ಹೋಗಿ ಗೇಟಿನ ಹತ್ರ ನಿಂತ್ಕೋ. ಬರಲಿಲ್ಲಾಂದ್ರೆ ಎತ್ಕೊಂಡಾದ್ರೂ ಬಾ.” ಒಂದೂ ಐವತ್ತಕ್ಕೆ ನಾನು ಡಿಪೋದ ಗೇಟಿನಲ್ಲಿದ್ದೆ. ಗಾಜಿನೊಳಗೆ ಮಾವ ಹಾಳೆಗಳನ್ನು ಜೋಡಿಸುತ್ತಿದ್ದರು. ಪಕ್ಕದಲ್ಲಿ ಎರಡನೆಯ ಪಾಳಿಯ ಹೊಸ ಟೈಮ್ ಕೀಪರ್, ನನ್ನದೇ ವಯಸ್ಸಿನ ಒಬ್ಬಳು ಹುಡುಗಿ, ಕೈಕಟ್ಟಿ ನಿಂತಿದ್ದಳು. ಎರಡಾಯಿತು. ಮಾವ ಎದ್ದರು, ಕೂತರು, ಮತ್ತೆ ಎದ್ದರು.

“ಹದಿನೇಳನೇ ನಂಬರ್ ಸೇತುವೆ ಹತ್ರ ನಿಧಾನ ಆಗುತ್ತೆ. ಆ ಡ್ರೈವರ್ ಕಾರಣ ಹೇಳೋಕೆ ನಾಚ್ಕೋತಾನೆ, ಸ್ವಲ್ಪ ಕಾಯಬೇಕು.”

“ಕಾಯ್ತೀನಿ ಸಾರ್.”

“ಮೂವತ್ತೆರಡಕ್ಕೆ ಬ್ರೇಕು ನೋಡಿಸಿದಾರೆ. ಬಂದಾಗ ಕೇಳು.”

“ಕೇಳ್ತೀನಿ.”

“ಎಲ್ಲಾ ಬರೋ ತನಕ…”

“ಇಲ್ಲೇ ಇರ್ತೀನಿ ಸಾರ್. ನೀವು ಹೋಗಿ.”

ಮಾವ ಕುರ್ಚಿಯನ್ನು ಅವಳ ಕಡೆ ಸ್ವಲ್ಪ ತಳ್ಳಿದರು. ಅವಳು ಕೂತಳು. ಅವಳು ಕೂತದ್ದನ್ನು ನೋಡಿದ ಮೇಲೆ ಹೊರಗೆ ಬಂದರು. ಎರಡೂ ಆರು. ನಾನು ಗಡಿಯಾರ ನೋಡಿದ್ದನ್ನು ನೋಡಿದರು, ನಾನು ನಿಲ್ದಾಣದ ಕಡೆ ತಿರುಗಿದೆ.

ಡಿಪೋದ ಮುಂದಿನ ನಿಲ್ದಾಣದಲ್ಲೇ ಬಸ್ಸು ಹತ್ತಿದೆವು. ಮಾವ ಕಿಟಕಿಯ ಪಕ್ಕ ಕೂತು ಎದುರಿನಿಂದ ಬರುವ ಗಾಡಿಗಳ ನಂಬರನ್ನು ತುಟಿ ಅಲ್ಲಾಡಿಸುತ್ತ ಓದಿದರು. ಒಂಬತ್ತು. ಇಪ್ಪತ್ತಮೂರು. ಮೂವತ್ತೆರಡು. ಮೂರನೆಯ ನಿಲ್ದಾಣ ಬರುವ ಮುಂಚೆ ಓದುವುದು ನಿಂತಿತು. ತಲೆ ಮೆಲ್ಲಗೆ ವಾಲಿ ನನ್ನ ಭುಜಕ್ಕೆ ಬಂತು. ಬಾಯಿ ಸ್ವಲ್ಪ ತೆರೆದಿತ್ತು.

ಕಂಡಕ್ಟರು ಟಿಕೆಟ್ಟಿಗೆ ಬಂದವನು ಗುರುತು ಹಿಡಿದು ನಿಂತುಬಿಟ್ಟ. ಬಗ್ಗಿ ನೋಡಿದ. “ಇವರು ನಿದ್ದೆನೂ ಮಾಡ್ತಾರಾ?” ಎಂದು ಪಿಸುಗುಟ್ಟಿದ.

“ಈಚೆಗೆ ಶುರು ಮಾಡಿದಾರೆ” ಎಂದೆ.

ನಮ್ಮ ನಿಲ್ದಾಣ ಬಂತು. ಇಬ್ಬರು ಮಕ್ಕಳೂ ಒಬ್ಬ ಹೆಂಗಸೂ ಇಳಿದರು. ಕಂಡಕ್ಟರು ನನ್ನ ಮುಖ ನೋಡಿದ. ನಾನು ಇಳಿಯುವುದಿಲ್ಲವೆಂದು ತಲೆಯಾಡಿಸಿ, ಕೊನೆಯ ನಿಲ್ದಾಣಕ್ಕೆ ನನಗೊಂದು ಟಿಕೆಟ್ ಕೇಳಿದೆ. ಮಾವನಿಗೆ ಡಿಪೋದ ಪಾಸಿತ್ತು. ಅವನು ಟಿಕೆಟ್ ಹರಿದುಕೊಟ್ಟು, ಬಾಯಿಗಿಟ್ಟಿದ್ದ ಸೀಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ. ಬಾಗಿಲಿನ ಹತ್ತಿರ ಹೋಗಿ ತಗಡಿನ ಮೇಲೆ ಅಂಗೈಯಿಂದ ಮೆತ್ತಗೆ ಎರಡು ಸಲ ತಟ್ಟಿದ. ಗಾಡಿ ಹೊರಟಿತು.